ಹಿಂದಕ್ಕೆ ಹೋಗುವ ಪಾಠ

ನನ್ನ ಮಗಳು ಹೇಮುವನ್ನು ಊರಲ್ಲೇ ಕೊಟ್ಟಿದ್ದು, ಕೂಗಿದರೆ ಕೇಳಿಸಲಿ ಅಂತ. ಹೊರಗಿನಿಂದ ಒಳ್ಳೊಳ್ಳೆಯ ಸಂಬಂಧಗಳು ಬಂದಿದ್ದವು. ನಾನೇ ಬೇಡ ಅಂದೆ. ಮೇಗಲ ಬೀದಿಯ ಪಾರ್ವತಮ್ಮನ ಮಗ ದಿವಾಕರನಿಗೆ ಕೊಟ್ಟರೆ ನಮ್ಮನೆ ಬಾಗಿಲಿನಿಂದ ಅವರ ಮನೆ ಬಾಗಿಲಿಗೆ ಆರುನೂರ ನಲವತ್ತು ಹೆಜ್ಜೆ. ಸಾರಿಗೆ ಒಗ್ಗರಣೆ ಹಾಕಿ, ತಟ್ಟೆ ಮುಚ್ಚಿಕೊಂಡು ಹೊರಟರೆ ಬಿಸಿ ಆರುವುದರೊಳಗೆ ಮಗಳ ಕೈಗೆ ಕೊಟ್ಟು ಬರಬಹುದು. ಮದುವೆಯಾದ ವರ್ಷ ಹಾಗೇ ಮಾಡಿದೆ ಕೂಡ. ಆಮೇಲೆ ನಮ್ಮ ಊರು ಹಿಗ್ಗತೊಡಗಿತು.

ಹಿಗ್ಗಿತು ಅಂದರೆ ಹೊಸ ಬಡಾವಣೆ ಬಂತು, ಜನ ಹೆಚ್ಚಾದರು ಅಂತಲ್ಲ. ಇದ್ದ ಮನೆಗಳೇ ಇದ್ದವು, ಇದ್ದ ಜನರೇ ಇದ್ದರು. ನಡುವಿನ ರಸ್ತೆ ಉದ್ದವಾಯಿತು, ಅಷ್ಟೆ. ಅಗಲ ಮಾತ್ರ ಇದ್ದಷ್ಟೇ. ಮೊದಮೊದಲು ಯಾರಿಗೂ ಗೊತ್ತಾಗಲಿಲ್ಲ. ವಯಸ್ಸಾಯಿತು, ಕಾಲು ಸೋಲುತ್ತಿದೆ ಅಂದುಕೊಂಡೆವು. ಅಂಗಡಿಗೆ ಹೋಗಿಬಂದವರು ಜಗಲಿ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದರು. ನಮ್ಮನೆಗೂ ಪಕ್ಕದ ಮನೆ ಚಂದ್ರಮತಿಯ ಮನೆಗೂ ನಡುವೆ ಬಟ್ಟೆ ಒಣಹಾಕಲು ಕಟ್ಟಿದ್ದ ಹಗ್ಗ ಮೂರು ಸಲ ಹರಿಯಿತು. ನಾಲ್ಕನೇ ಸಲ ಕಟ್ಟಲು ಹೋದರೆ ಹಗ್ಗವೇ ಸಾಲಲಿಲ್ಲ. ಯಾಕೆ ಹೀಗೆ, ಏನು ಕಥೆ ಅಂತ ಒಂದಷ್ಟು ದಿನ ಮಾತಾಡಿಕೊಂಡೆವು. ಮಾತಾಡಲು ಒಬ್ಬರ ಮನೆಗೊಬ್ಬರು ಹೋಗುವುದೇ ದೊಡ್ಡ ಕೆಲಸವಾದಾಗ ಅದನ್ನೂ ಬಿಟ್ಟೆವು.

ಬಸ್ಸು ಬೆಳಗ್ಗೆ ಹೊರಟರೆ ಸಂಜೆಗೆ ಒಂದು ಸುತ್ತು ಮುಗಿಸುತ್ತಿತ್ತು. ಆಮೇಲೆ ಮಾರನೇ ದಿನಕ್ಕೆ. ಆಮೇಲೆ ಹೋದದ್ದು ಬರಲೇ ಇಲ್ಲ. ಆಟೋದವರನ್ನು ಕರೆದರೆ, "ಹೋಗುವಾಗ ಇದ್ದ ದೂರ ಬರುವಾಗ ಇರಲ್ಲ ಕಣಮ್ಮಾ, ನಮಗೆ ಪೂರೈಸಲ್ಲ" ಅಂತ ಕೈಮುಗಿದು ಹೋಗಿಬಿಡುತ್ತಿದ್ದರು. ಪೇಟೆ ಕಚೇರಿಯವರು ಕೊನೆಗೆ ಎರಡು ಏರ್ಪಾಡು ಮಾಡಿದರು. ಒಂದು, ಪ್ರತಿದಿನ ಬೆಳಗ್ಗೆ ಎಲ್ಲರ ಫೋನಿಗೂ 'ಇವತ್ತಿನ ದೂರ' ಎಂಬ ಸಂದೇಶ: ನಿಮ್ಮ ಮನೆಯಿಂದ ಅಂಗಡಿಗೆ ಇಷ್ಟು, ಆಸ್ಪತ್ರೆಗೆ ಇಷ್ಟು, ನೀವು ಬರೆಸಿಕೊಂಡ ನೆಂಟರ ಮನೆಗೆ ಇಷ್ಟು. ಎರಡನೆಯದು, ಹದಿನೆಂಟು ದಾಟಿದವರೆಲ್ಲ ಗಾಡಿ ಓಡಿಸಲು ಕಲಿಯಬೇಕು, ಲೈಸೆನ್ಸು ಮಾಡಿಸಬೇಕು. ಕಲಿಸುವವರು ಯಾರು? ಊರಲ್ಲಿ ಮೊದಲೇ ಓಡಿಸಲು ಬರುತ್ತಿದ್ದ ಆರೇಳು ಮಂದಿಯನ್ನು ನೀರಿನ ಟ್ಯಾಂಕರಿಗೂ ಅಕ್ಕಿ ಲಾರಿಗೂ ಹಾಕಿದ್ದರು, ಅವರ ಮುಖ ಕಂಡವರಿಲ್ಲ. ಹಾಗಾಗಿ ಆನ್‌ಲೈನ್ ಕ್ಲಾಸು. ಮನೆಯಲ್ಲೇ ಕೂತು ಫೋನಿನಲ್ಲಿ ಕೇಳುವುದು. ಹದಿನಾಲ್ಕು ಪಾಠ, ಮೂವತ್ತು ಗಂಟೆ.

ನನಗೆ ಆಗ ಐವತ್ತೆರಡು. ರವಿಕೆ ಹೊಲಿದು ಜೀವನ ಮಾಡಿದವಳು, ಓಡಿಸಿದ ಗಾಡಿ ಅಂದರೆ ಹೊಲಿಗೆ ಮೆಷಿನ್ನೊಂದೇ. ಈ ವಯಸ್ಸಿನಲ್ಲಿ ಸ್ಟೀರಿಂಗು ಹಿಡಿಯುವ ಚಪಲ ನನಗೇನೂ ಇರಲಿಲ್ಲ. ಆದರೆ ಅದೇ ತಿಂಗಳು ಹೇಮು ಫೋನು ಮಾಡಿ, "ಅಮ್ಮಾ, ಐದು ತುಂಬ್ತು" ಅಂದಳು. ಆ ಬೆಳಗಿನ ಸಂದೇಶದಲ್ಲಿ ಅವಳ ಮನೆಗೆ ಒಂಬತ್ತು ಕಿಲೋಮೀಟರು ಅಂತ ಇತ್ತು.

ಚೊಚ್ಚಲ ಹೆರಿಗೆ ತವರಲ್ಲಿ. ಇದು ನಮ್ಮಲ್ಲಿ ಕೇಳಿ ಹೇಳಿ ಮಾಡುವ ವಿಷಯವೇ ಅಲ್ಲ. ಅದರ ಮೇಲೆ ನನ್ನದೊಂದು ಸಂಕಟ ಬೇರೆ. ನನ್ನ ಚೊಚ್ಚಲಿಗೆ ನನ್ನಮ್ಮ ಹಾಸಿಗೆ ಹಿಡಿದಿದ್ದಳು, ನಾನು ಅತ್ತೆಮನೆಯ ಕತ್ತಲೆ ಕೋಣೆಯಲ್ಲಿ ಯಾರದೋ ಕೈ ಹಿಡಿದುಕೊಂಡು ಹೆತ್ತೆ. ನೋವು ಮರೆತಿದೆ, ಆ ಕೈ ಯಾರದೆಂದು ತಿಳಿಯದೆ ಹಿಡಿದದ್ದು ಮರೆತಿಲ್ಲ. ನನ್ನ ಮಗಳಿಗೆ ಹಾಗಾಗಕೂಡದು, ಅವಳನ್ನು ನಮ್ಮ ಮನೆಗೆ ಕರೆತರಬೇಕು. ಅಣ್ಣ ತೀರಿಹೋದ ಮೇಲೆ ಅವನ ಹಳೆಯ ಕಾರು ನಮ್ಮ ಹಿತ್ತಲಲ್ಲೇ ಟಾರ್ಪಾಲು ಹೊದ್ದು ನಿಂತಿತ್ತು. ಓಡಿಸುವವರು ಬೇಕಿತ್ತು, ಅಷ್ಟೆ.

ನಮ್ಮನೆಯವರ ಕೈಲಿ ಆಗುವ ಹಾಗಿರಲಿಲ್ಲ. ಊರಿನ ಅಂಗಡಿಗಳಿಗೆಲ್ಲ ಬೋರ್ಡು ಬರೆದವರು ಅವರು. ಎರಡು ವರ್ಷದ ಕೆಳಗೆ ಬಲಗಣ್ಣು ಹೋಯಿತು, ಎಡಗಣ್ಣಿಗೆ ಮಂಜು. ಲೈಸೆನ್ಸಿಗೆ ಮುಂಚೆ ಕಣ್ಣಿನ ಪರೀಕ್ಷೆ ಇರುತ್ತದೆ, ಅವರಿಗೆ ಕೊಡುವುದಿಲ್ಲ. ಆ ಬೇಸರವೋ ಏನೋ, ನಾನು ಕ್ಲಾಸಿಗೆ ಸೇರಿದ ದಿನವೇ ಶುರು ಮಾಡಿದರು.

"ರವಿಕೆ ತೋಳು ಸರಿಯಾಗಿ ಕೂರಿಸೋದು ಕಲಿಯೋಕೆ ನಿನಗೆ ಹತ್ತು ವರ್ಷ ಹಿಡೀತು. ಕಾರಂತೆ ಕಾರು."

"ಹಾಗಾದ್ರೆ ನೀವೇ ಹೋಗಿ ಮಗಳನ್ನ ಹೊತ್ಕೊಂಡು ಬನ್ನಿ" ಅಂದೆ.

ಪಾಠ ಹೇಳುವವನು ಅರ್ಧ ತೋಳಿನ ಕೋಟು ಹಾಕಿದ, ಯಾವತ್ತೂ ಬೆವರದ ಮನುಷ್ಯ. "ಪ್ರಿಯ ಚಾಲಕರೇ" ಅಂತಲೇ ಶುರು ಮಾಡುತ್ತಿದ್ದ. ಏಳೇಳು ನಿಮಿಷಕ್ಕೊಮ್ಮೆ ಅವನು ಮರೆಯಾಗಿ 'ನೀವು ಇದ್ದೀರಾ?' ಅಂತ ಬರುತ್ತಿತ್ತು. ಕೆಳಗಿನ 'ಇದ್ದೇನೆ' ಗುಂಡಿ ಒತ್ತಬೇಕು. ಹತ್ತು ಎಣಿಸುವುದರೊಳಗೆ ಒತ್ತದಿದ್ದರೆ ಆ ಪಾಠ ಮೊದಲಿನಿಂದ. ಬೆಳಗಿನಿಂದ ಮೆಷಿನ್ನು ತುಳಿದು, ಎರಡು ಕೊಡ ನೀರಿಗೆ ಒಂದು ಗಂಟೆ ನಡೆದು, ಸಂಜೆ ಫೋನು ಹಿಡಿದು ಕೂತರೆ ಕಣ್ಣು ಎಳೆಯದೆ ಬಿಡುತ್ತದೆಯೇ? ಕ್ಲಚ್ಚು ಎನ್ನುವುದರ ಬಗ್ಗೆ ನಾನು ಐದು ಸಲ ಕೇಳಿದೆ. ಐದನೇ ಸಲ ಒಂದೂ ಮುಕ್ಕಾಲು ಗಂಟೆ ಕೂತು, ಕೊನೆಯ ಗುಂಡಿಗೆ ಸರಿಯಾಗಿ ಒಲೆ ಮೇಲೆ ಹಾಲು ಉಕ್ಕಿತು. ಎದ್ದು ಹೋಗಿ ಬರುವಷ್ಟರಲ್ಲಿ ಅವನು ಮತ್ತೆ "ಪ್ರಿಯ ಚಾಲಕರೇ" ಅಂತಿದ್ದ. ಅವತ್ತು ನಾನು ಅತ್ತೆ, ಸುಳ್ಳು ಯಾಕೆ ಹೇಳಲಿ.

ಊರಲ್ಲಿ ಎಲ್ಲರದೂ ಇದೇ ಪಾಡು. ಹಾಗಾಗಿ ಮುಯ್ಯಾಳು ಶುರುವಾಯಿತು. ಹಪ್ಪಳ ಸಂಡಿಗೆಗೆ, ಮದುವೆ ಮನೆಯ ಅಡಿಗೆಗೆ ನಾವು ಮುಂಚಿನಿಂದಲೂ ಮಾಡುವುದೇ ತಾನೆ. ಇವತ್ತು ನಾನು ನಿಮ್ಮನೆಗೆ ಬಂದು ದುಡಿಯುತ್ತೇನೆ, ನಾಳೆ ನೀವು ನಮ್ಮನೆಗೆ. ಅದನ್ನೇ ಕ್ಲಾಸಿಗೂ ತಂದರು. ಇಬ್ಬರ ಫೋನನ್ನೂ ಒಬ್ಬರ ಮುಂದೆ ಇಟ್ಟು ಒಬ್ಬರೇ ಎರಡಕ್ಕೂ ಗುಂಡಿ ಒತ್ತುವುದು, ಪಾಠ ಕೇಳಿ ಇನ್ನೊಬ್ಬರಿಗೆ ಹೇಳುವುದು. ಚಂದ್ರಮತಿಯೂ ನಾನೂ ಹಾಗೇ ಮಾಡಿಕೊಂಡೆವು. ಮೊದಲ ಏಳು ಪಾಠ ನನ್ನದು, ಆಮೇಲಿನ ಏಳು ಅವಳದು. ನನ್ನ ಪಾಲಿನದನ್ನು ನಾನು ನಿಯತ್ತಾಗಿ ಕೇಳಿದೆ. ಗಾಡಿ ಸ್ಟಾರ್ಟು ಮಾಡುವುದು, ಗೇರು ಬದಲಾಯಿಸುವುದು, ನೆಟ್ಟಗೆ ಹೋಗುವುದು, ಬ್ರೇಕು, ರಸ್ತೆ ಬದಿಯ ಚಿಹ್ನೆಗಳು. ಅರ್ಧ ಕಿಲೋಮೀಟರು ನಡೆದು 'ಪಕ್ಕದ ಮನೆ'ಗೆ ಹೋಗಿ, ಅವಳ ಅಡುಗೆಮನೆಯಲ್ಲಿ ಸೌಟು ಹಿಡಿದು ಗೇರು ಹಾಕಿ ತೋರಿಸಿ ಬಂದೆ. ಆಮೇಲೆ ನನ್ನ ಫೋನು ಅವಳ ಹತ್ತಿರ ಒಂದು ತಿಂಗಳು ಇತ್ತು. ಅಷ್ಟು ದಿನ ಹೇಮು ನಮ್ಮನೆಯವರ ಫೋನಿಗೆ ಮಾಡಿ ಮಾತಾಡುತ್ತಿದ್ದಳು.

"ಎಲ್ಲಾ ಮುಗೀತು ವಿಶಾಲಕ್ಕಾ" ಅಂತ ಚಂದ್ರಮತಿ ಫೋನು ವಾಪಸು ತಂದಳು. "ಹಿಂದಕ್ಕೆ ಹೋಗೋದು, ತಿರುಗಿಸೋದು, ಅಂಥವೇ. ಒಂದಿನ ಕೂತು ಹೇಳ್ತೀನಿ. ಮುಂದಕ್ಕೆ ಹೋಗೋದರ ಉಲ್ಟಾ ಅಷ್ಟೆ."

ಆ ಒಂದಿನ ಬರಲಿಲ್ಲ. ಅವಳಿಗೆ ಅವಳ ಕೆಲಸ, ನನಗೆ ನನ್ನದು, ನಡುವೆ ದಿನದಿನಕ್ಕೂ ಹೆಚ್ಚುವ ದಾರಿ. ಪರೀಕ್ಷೆಗೂ ಅದೇನೂ ಬೇಕಾಗಲಿಲ್ಲ. ಪರೀಕ್ಷೆ ಮಾಡುವವನು ದೊಡ್ಡ ರಸ್ತೆಯಲ್ಲಿ ಕೂರಿಸಿಕೊಂಡು, "ಮುಂದಿನ ಮೈಲಿಗಲ್ಲಿನವರೆಗೆ ಹೋಗಿ" ಅಂದ. ಹೋದೆ. ಕಲ್ಲು ಬರುವುದು ಸ್ವಲ್ಪ ತಡವಾಯಿತು. ಅಲ್ಲಿ ಇಳಿದು ಸಹಿ ಹಾಕಿದ. ನನಗೆ ಲೈಸೆನ್ಸು ಬಂತು. ಫೋಟೋದಲ್ಲಿ ನನ್ನ ಮುಖ ಮೂರು ದಿನ ನಿದ್ದೆ ಇಲ್ಲದವಳ ಹಾಗಿತ್ತು, ನಿಜವೂ ಹೌದು.

ಅಷ್ಟರಲ್ಲಿ ಹೇಮುವಿಗೆ ಒಂಬತ್ತು ತಿಂಗಳು ಹತ್ತಿರ. ಅವಳ ಬೀದಿ ಕೊನೆಯ ಆಸ್ಪತ್ರೆಯ ನರ್ಸಮ್ಮ ನನಗೆ ಫೋನಿನಲ್ಲೇ ಕಟ್ಟುನಿಟ್ಟಾಗಿ ಹೇಳಿದ್ದರು. "ಮಗು ಕೆಳಗೆ ಇಳಿದಿದೆ. ಈ ರಸ್ತೆಯಲ್ಲಿ ಮೂವತ್ತು ಕಿಲೋಮೀಟರು ಅಂದ್ರೇನೇ ಹೆಚ್ಚು. ಅದನ್ನ ದಾಟಿದರೆ ನಾನು ಬಿಡಲ್ಲ, ಇಲ್ಲೇ ಹೆರಿಗೆ." ಲೈಸೆನ್ಸು ಕೈಗೆ ಬಂದ ಮಾರನೇ ಬೆಳಗ್ಗೆ ಸಂದೇಶ ನೋಡಿದೆ: ಮಗಳ ಮನೆಗೆ ಇಪ್ಪತ್ತೆಂಟು ಕಿಲೋಮೀಟರು, ಮುನ್ನೂರು ಮೀಟರು. ಮಧ್ಯಾಹ್ನಕ್ಕೆ ಹೋಗಿ ಸಂಜೆಗೆ ವಾಪಸು ಅಂತ ಲೆಕ್ಕ ಹಾಕಿ, ದಿಂಬು ಎರಡು, ನೀರಿನ ಬಾಟಲಿ, ಅವಳಿಗಿಷ್ಟವಾದ ಕೋಡುಬಳೆ ಇಟ್ಟುಕೊಂಡು ಹೊರಟೆ. ನಮ್ಮನೆಯವರು ಬಾಗಿಲಲ್ಲಿ ನಿಂತು, "ಎರಡು ಕೈಲೂ ಹಿಡ್ಕೊಂಡು ಓಡಿಸು" ಅಂದರು. ನಾನು ಹೊರಟ ದಿಕ್ಕಿಗಿಂತ ಒಂದಿಷ್ಟು ಪಕ್ಕಕ್ಕೆ ನೋಡುತ್ತಿದ್ದರು, ಕಣ್ಣು ಹಾಗೆ.

ಹೋಗುವುದೇನೋ ಹೋದೆ. ಮೂರನೇ ಗೇರಿನಾಚೆ ಹಾಕಲಿಲ್ಲ. ನೆಟ್ಟಗಿನ ರಸ್ತೆ. ಅಳಿಯ ದಿವಾಕರ ಮೈಲಿಗಲ್ಲು ನೆಡುವ ಗುಂಪಿನಲ್ಲಿ ಕೆಲಸಕ್ಕಿದ್ದ, ಅವನೇ ನೆಟ್ಟ ಕಲ್ಲುಗಳು ಅಲ್ಲಲ್ಲಿ. ಬೆಳಗ್ಗೆ ನೆಟ್ಟದ್ದು ಸಂಜೆಗೆ ಸುಳ್ಳಾಗುತ್ತಿತ್ತು, ಅದಕ್ಕೇ ಅವನು ಮನೆಗೆ ಬರುತ್ತಿದ್ದದ್ದು ಇಪ್ಪತ್ತು ದಿನಕ್ಕೊಮ್ಮೆ. ಹೇಮುವಿನ ಮನೆ ಒಂದು ಓಣಿಯ ಕೊನೆಗೆ, ಅದರಾಚೆ ಗೋಡೆ. ಅವಳನ್ನು ನಡೆಸಬಾರದು ಅಂತ ಓಣಿಯೊಳಗೇ ಕಾರು ಬಿಟ್ಟುಕೊಂಡು ಹೋಗಿ ಬಾಗಿಲ ಮುಂದೆಯೇ ನಿಲ್ಲಿಸಿದೆ. ಹೇಮು ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಬಂದಳು. ಕಾರಿನೊಳಗೆ ನಾನಿರುವುದನ್ನು ಕಂಡು ಬಾಯಿ ಮೇಲೆ ಕೈ ಇಟ್ಟುಕೊಂಡು ನಕ್ಕಳು, ನಗುತ್ತಲೇ ಅತ್ತಳು. ಬೀಗಿತ್ತಿ ಪಾರ್ವತಮ್ಮ ಕಾಫಿ ಕೊಟ್ಟರು, ಅರಿಶಿನ ಕುಂಕುಮ ಕೊಟ್ಟರು, ಸೊಸೆಯ ಬ್ಯಾಗು ತಂದಿಟ್ಟರು. ಹೇಮುವನ್ನು ಹತ್ತಿಸಿ, ಬಾಗಿಲು ಹಾಕಿ, ನಾನು ಕೀಲಿ ತಿರುಗಿಸಿ ಎದುರಿಗೆ ನೋಡಿದರೆ ಗೋಡೆ.

ಆಗಲೇ ನನಗೆ ಹೊಳೆದದ್ದು. ಇಲ್ಲಿಂದ ಹಿಂದಕ್ಕೆ ಹೋಗಬೇಕು. ಓಣಿ ಮುಂಚೆ ಹದಿನೈದು ಹೆಜ್ಜೆ ಇತ್ತು, ಈಗ ದೊಡ್ಡ ರಸ್ತೆಯ ತಿರುವು ಕಾಣುತ್ತಲೇ ಇರಲಿಲ್ಲ. ಅಗಲವಂತೂ ಕಾರಿನ ಅಗಲಕ್ಕೆ ಎರಡು ಮೊಳ ಹೆಚ್ಚು, ಒಂದು ಬದಿಗೆ ಮೋರಿ. ಅಲ್ಲೇ ತಿರುಗಿಸುವ ಮಾತೇ ಇಲ್ಲ. ಚಂದ್ರಮತಿಗೆ ಫೋನು ಮಾಡಿದೆ.

"ಎಂಟನೇ ಪಾಠದಿಂದ ಹೇಳೇ ಚಂದ್ರಿ. ಹಿಂದಕ್ಕೆ ಹೋಗ್ಬೇಕು."

"ಅಯ್ಯೋ ವಿಶಾಲಕ್ಕಾ..." ಅಂದಳು.

"ಏನು ಅಯ್ಯೋ?"

"ನಾನೆಲ್ಲಿ ಕೇಳ್ದೆ ಅಕ್ಕಾ. ಸೌಂಡು ಬಂದ್ ಮಾಡಿ ಎರಡೂ ಫೋನು ಮೊರದಲ್ಲಿಟ್ಕೊಂಡು ಹಪ್ಪಳ ಒತ್ತುತಿದ್ದೆ. ಬಂದಾಗ ಗುಂಡಿ ಒತ್ತೋದು, ಮತ್ತೆ ಹಪ್ಪಳ. ನಿನ್ನಾಣೆಗೂ ಒಂದಕ್ಷರ ಕೇಳಿಲ್ಲ. ನಿನಗೆ ಹೇಳೋಕೆ ಮುಖ ಬರ್ಲಿಲ್ಲ."

ಬೈಯಲು ಕೂಡ ನನ್ನಲ್ಲಿ ತ್ರಾಣವಿರಲಿಲ್ಲ. ಇನ್ನು ನಾನೇ ಪಾಠ ತೆಗೆದು ನೋಡೋಣವೆಂದು ಫೋನಿನಲ್ಲಿ ಕ್ಲಾಸು ಒತ್ತಿದೆ. ಸರ್ಟಿಫಿಕೇಟು ಬಂದ ಮೇಲೆ ಪಾಠಗಳಿಗೆ ಬೀಗ. 'ನೀವು ಈಗಾಗಲೇ ಕಲಿತಿದ್ದೀರಿ' ಅಂತ ಮಾತ್ರ ಬಂತು. ಎಷ್ಟು ಸಲ ಒತ್ತಿದರೂ ಅದೇ. ಹಿಂದೆ ಕೂತ ಹೇಮು, "ಏನಮ್ಮಾ?" ಅಂದಳು. ಅವಳನ್ನು ಇಳಿಸಿದೆ. ಉಲ್ಟಾ ತಾನೆ, ನೋಡಿಯೇಬಿಡೋಣ ಅಂತ ಗೇರು ಹಿಂದಕ್ಕೆ ಎಳೆದು ಕಾಲು ಸಡಿಲ ಮಾಡಿದೆ. ಯಾವ ಕಡೆಗೆ ತಿರುಗಿಸಿದರೆ ಯಾವ ಕಡೆಗೆ ಹೋಗುತ್ತದೆ ಅನ್ನುವುದೇ ತಿಳಿಯಲಿಲ್ಲ. ಧಡ್ ಅಂತ ಸದ್ದಾಯಿತು. ಹಿಂದಿನ ಚಕ್ರ ಮೋರಿಯಲ್ಲಿತ್ತು.

ನಾಲ್ಕು ಜನ ಗಂಡಸರು ಸೇರುವ ಹೊತ್ತಿಗೆ ಮಾರನೇ ದಿನ ಸಂಜೆ. ಪಕ್ಕದ ಮನೆಯಿಂದ ಬರುವುದಕ್ಕೇ ಅವರಿಗೆ ಒಂದು ಹೊತ್ತು ಹಿಡಿಯುತ್ತಿತ್ತು. ಎತ್ತಿ ಅದೇ ಓಣಿಯಲ್ಲಿ, ಅದೇ ಗೋಡೆಗೆ ಮುಖ ಮಾಡಿ ಇಟ್ಟರು. "ನಿಮಗೆ ಯಾರಿಗಾದರೂ ಹಿಂದಕ್ಕೆ ತೆಗೆಯೋಕೆ ಬರುತ್ತೇನಪ್ಪಾ?" ಅಂತ ಕೇಳಿದೆ. ನಾಲ್ವರ ಹತ್ತಿರವೂ ಲೈಸೆನ್ಸು ಇತ್ತು. ನಾಲ್ವರೂ ನೆಲ ನೋಡಿದರು.

"ಮುಯ್ಯಾಳು ಮಾಡಿಸಿದ್ವಿ ಅಮ್ಮಾ" ಅಂದ ಒಬ್ಬ. "ಮೊದಲ ಪಾಠಗಳನ್ನ ಹುರುಪಲ್ಲಿ ಎಲ್ಲರೂ ಕೇಳಿದ್ವಿ. ಕೊನೇವು ಯಾರೂ ಕೇಳಿಲ್ಲ ಅನ್ಸುತ್ತೆ. ನಮ್ಮನೇದೂ ಕೊಟ್ಟಿಗೆ ಗೋಡೆಗೆ ಮುಖ ಮಾಡಿ ನಿಂತು ಒಂದು ತಿಂಗಳಾಯ್ತು. ಬಟ್ಟೆ ಒಣಹಾಕ್ತೀವಿ."

ಆ ವಾರ ರಸ್ತೆಗೆ ಏನು ಹುಚ್ಚು ಹಿಡಿದಿತ್ತೋ. ಮೂರನೇ ಬೆಳಗ್ಗೆ ಸಂದೇಶ ಬಂತು: ನಿಮ್ಮ ಮನೆಗೆ ಮೂವತ್ತು ಕಿಲೋಮೀಟರು, ಇನ್ನೂರು ಮೀಟರು. ನರ್ಸಮ್ಮ ಬಂದು ಹೇಮುವಿನ ಹೊಟ್ಟೆ ಮುಟ್ಟಿ ನೋಡಿ ನನ್ನ ಕಡೆ ತಿರುಗಿ ತಲೆ ಅಲ್ಲಾಡಿಸಿದರು. ಇನ್ನೂರು ಮೀಟರು! ಮುಂಚಿನ ಲೆಕ್ಕದಲ್ಲಿ ಉಪ್ಪು ತರಲು ಹೋಗಿಬರುವ ದೂರ. ನಾನು ಜಗಲಿ ಮೇಲೆ ಕೂತವಳು ಮಧ್ಯಾಹ್ನದವರೆಗೂ ಏಳಲಿಲ್ಲ.

ಪಾರ್ವತಮ್ಮನೇ ಬಂದು ಪಕ್ಕದಲ್ಲಿ ಕೂತರು. ಮದುವೆಯಲ್ಲಿ ನಾವು ಕೊಟ್ಟ ಸೀರೆಯ ಅಂಚು ಸಣ್ಣದೆಂದು ಮೂರು ವರ್ಷ ಆಡಿಕೊಂಡ ಹೆಂಗಸು. "ಏನೀಗ? ತವರು ಅಂದ್ರೆ ಗೋಡೆಯಾ? ತಾಯಿ ತಾನೆ? ನೀವು ಇಲ್ಲೇ ಇದೀರಲ್ಲ" ಅಂದರು. "ಏಳಿ, ಊಟ ಮಾಡಿ. ಬೀಗರ ಮನೆ ಅನ್ನ ಗಂಟಲಲ್ಲಿ ಇಳಿಯಲ್ಲ ಅಂತೇನಾದರೂ ಅಂದ್ರೆ ನಾನೂ ಉಣ್ಣಲ್ಲ." ಎದ್ದು ಉಂಡೆ.

ಒಂಬತ್ತು ದಿನದ ಮೇಲೆ ಮಧ್ಯಾಹ್ನ ಹೇಮು ಹೆತ್ತಳು. ಹೆಣ್ಣು ಮಗು. ಎರಡು ಗಂಟೆ ಹೊತ್ತು ಅವಳು ಹಿಡಿದುಕೊಂಡಿದ್ದು ನನ್ನ ಕೈಯನ್ನೇ. ಮೂರು ದಿನ ಬೆರಳು ಮಡಿಸಲು ಆಗಲಿಲ್ಲ, ಆ ನೋವು ನನಗೆ ಹಿತವಾಗಿತ್ತು. ಆದರೆ ನಮ್ಮನೆಯವರಿಗೆ ಮೊಮ್ಮಗಳನ್ನು ತೋರಿಸುವುದು ಹೇಗೆ? ಫೋನಿನಲ್ಲಿ ವಿಡಿಯೋ ಹಾಕಿದರೆ ಆ ಕಣ್ಣಿಗೆ ಬರೀ ಬೆಳಕು ಕಾಣುತ್ತದಂತೆ. "ಹತ್ತಿರ ಇದ್ದರೆ ಮೂಗಿನ ಹತ್ತಿರ ಹಿಡ್ಕೊಂಡು ನೋಡಬಹುದಿತ್ತು" ಅಂದರು. ಆಮೇಲೆ, "ಅಳಿಸು, ಕೇಳ್ತೀನಿ" ಅಂದರು. ಮಗು ಅಳುವಾಗ ಫೋನು ಹಿಡಿದೆ. ಬಹಳ ಹೊತ್ತು ಕೇಳಿದರು.

ದಿವಾಕರ ಬಂದು ಮಗು ನೋಡಿ, ಕಲ್ಲಿನ ಲಾರಿಯ ಡ್ರೈವರನ್ನು ಕರೆತಂದು ಕಾರು ತೆಗೆಸುತ್ತೇನೆ ಅಂತ ಹೇಳಿ ಹೋದ. ಲಾರಿ ಊರಿನ ಯಾವ ಮೂಲೆಗೆ ಹೋಯಿತೋ, ಪತ್ತೆಯಿಲ್ಲ. ಹೇಮು ಹಾಸಿಗೆಯಲ್ಲೇ ಮಲಗಿ ತನ್ನ ಹೆಸರಲ್ಲಿ ಕ್ಲಾಸಿಗೆ ಸೇರಿದಳು. ಪಾಠಗಳನ್ನು ಹಾರಿಸಿಕೊಂಡು ಹೋಗುವಂತಿಲ್ಲ, ಒಂದರಿಂದಲೇ ಬರಬೇಕು. ಹಸುಗೂಸು ಏಳು ನಿಮಿಷ ಸುಮ್ಮನಿರುತ್ತದೆಯೇ? ಮೊದಲ ಪಾಠವನ್ನೇ ಒಂಬತ್ತು ಸಲ ಕೇಳಿ ಫೋನನ್ನು ಗೋಡೆಗೆ ಎಸೆದಳು. ನಾನು ಬಾಣಂತಿಗೆ ನೀರು ಹಾಕುವುದು, ಮಗುವಿಗೆ ಎಣ್ಣೆ ತಿಕ್ಕುವುದು, ಬಟ್ಟೆ ಒಗೆದು ಆ ಕಾರಿನ ಮೇಲೇ ಹರವುವುದು. ದಿನಗಳು ಹೋದವು. ದೂರ ಮೂವತ್ತಾರಾಯಿತು, ನಲವತ್ತಾಯಿತು. ಆ ಕಡೆ ನಮ್ಮನೆಯವರೊಬ್ಬರೇ. ಏನು ಬೇಯಿಸಿಕೊಳ್ಳುತ್ತಾರೆ, ಒಲೆ ಆರಿಸುತ್ತಾರೋ ಇಲ್ಲವೋ, ಇದೇ ಯೋಚನೆ. ಸಂಜೆ ಫೋನು ಮಾಡಿದರೆ ಹೆಚ್ಚು ಮಾತಿಲ್ಲ. "ಹೂಂ, ಊಟ ಆಯ್ತು. ಇಡು, ಕೆಲಸ ಇದೆ."

ಬೋರ್ಡು ಬರೆಯುವುದು ಬಿಟ್ಟವರಿಗೆ ಏನು ಕೆಲಸ ಅಂತ ನನಗೆ ಸಿಟ್ಟೇ ಬಂತು. ಮಗುವಿಗೆ ಒಂದೂವರೆ ತಿಂಗಳಾದಾಗ ಒಂದು ಸಂಜೆ ಕೇಳಿಯೇಬಿಟ್ಟೆ. "ರೀ, ನನ್ನ ಹತ್ರ ಎರಡು ಮಾತಾಡೋಕೂ ಆಗದ ಕೆಲಸ ಅದೇನು?"

"ಕ್ಲಾಸು" ಅಂದರು.

"ಯಾವ ಕ್ಲಾಸು?"

"ಅದೇ ಕಣೇ, ಪ್ರಿಯ ಚಾಲಕರೇ. ಹನ್ನೊಂದನೇ ಪಾಠದಲ್ಲಿದೀನಿ."

"ನಿಮಗೆ ಲೈಸೆನ್ಸು ಕೊಡಲ್ಲ" ಅಂದೆ, ಅದೊಂದೇ ಬಾಯಿಗೆ ಬಂದದ್ದು.

"ಗೊತ್ತು. ಕ್ಲಾಸಿಗೆ ಕಣ್ಣು ಕೇಳಲ್ಲ, ಕಿವಿ ಇದ್ರೆ ಸಾಕು. ಗುಂಡಿ ಬರೋವಾಗ ಟಿಣ್ ಅನ್ನುತ್ತೆ, ಒತ್ತುತೀನಿ. ಮುಯ್ಯಾಳು ಯಾರನ್ನೂ ಕರೆದಿಲ್ಲ. ಚಂದ್ರಮತಿ ಬಂದು ನಾನು ಒತ್ತುತೀನಿ ಕೊಡಿ ಅಂದ್ಲು, ನಿನ್ನ ಹಪ್ಪಳ ನೋಡ್ಕೋ ಹೋಗು ಅಂದೆ. ಎಲ್ಲಾ ಬರ್ಕೊಂಡಿದೀನಿ, ಕ್ಯಾಲೆಂಡರ್ ಹಾಳೆ ಹಿಂದೆ, ಬೋರ್ಡಿನಷ್ಟು ದೊಡ್ಡ ಅಕ್ಷರದಲ್ಲಿ. ಇನ್ನು ಮೂರು ಪಾಠ. ಮುಗಿಸಿಬಿಡ್ತೀನಿ, ಆಮೇಲೆ ಫೋನಲ್ಲೇ ಹೇಳ್ತೀನಿ, ನೀನು ಕಾರು ತೆಗಿ."

ಮೂವತ್ತು ಗಂಟೆ ಅಂತ ಹೇಳುವುದು, ಆಗುವುದು ಎಪ್ಪತ್ತು. ನನಗೆ ಗೊತ್ತಲ್ಲ. ಆ ಎಪ್ಪತ್ತು ಗಂಟೆ ಅವರು ಆ ಮನುಷ್ಯನ ದನಿ ಕೇಳಿಕೊಂಡು ಒಬ್ಬರೇ ಕೂತಿದ್ದರು, ತಾವು ಯಾವತ್ತೂ ಓಡಿಸಲಾಗದ ಗಾಡಿಗಾಗಿ. ಫೋನಿಟ್ಟ ಮೇಲೆ ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಂಡು ಅತ್ತುಬಂದೆ. ಪಾರ್ವತಮ್ಮ ನೋಡಿಯೂ ನೋಡದ ಹಾಗೆ ಕಾಫಿ ಲೋಟ ನೂಕಿದರು.

ಎರಡು ವಾರದ ಮೇಲೆ ನಮ್ಮನೆಯವರ ಕ್ಲಾಸು ಮುಗಿಯಿತು. ನರ್ಸಮ್ಮ ತಾಯಿ ಮಗು ಇಬ್ಬರನ್ನೂ ನೋಡಿ, "ಅರವತ್ತು ಕಿಲೋಮೀಟರಿನೊಳಗೆ ಆದರೆ ಪರವಾಗಿಲ್ಲ, ನಿಧಾನಕ್ಕೆ ಹೋಗಿ" ಅಂದರು. ಆ ಬೆಳಗ್ಗೆ ಐವತ್ತಮೂರು ಇತ್ತು. ಕಾರಿನ ಮೇಲಿನ ಬಟ್ಟೆ ಎಲ್ಲ ತೆಗೆದೆ. ಹೇಮು ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಹಿಂದೆ ಕೂತಳು. ಪಾರ್ವತಮ್ಮ ಸೊಸೆಯ ತಲೆಗೆ ಬಟ್ಟೆ ಸುತ್ತಿ, ಮಗುವಿನ ಕೆನ್ನೆಗೆ ಕಪ್ಪಿಟ್ಟು, ನನ್ನ ಕೈ ಹಿಡಿದು ಏನೋ ಹೇಳಹೋಗಿ, "ಮೋರಿ ಕಡೆ ನೋಡ್ಕೊಳ್ಳಿ" ಅಂತಷ್ಟೇ ಅಂದು ಕಾರಿನ ಹಿಂದುಗಡೆ ಹೋಗಿ ನಿಂತರು, ದಾರಿ ತೋರಿಸಲು. ನಾನು ಫೋನನ್ನು ಸ್ಪೀಕರಿಗೆ ಹಾಕಿ ಎದುರಿಗಿಟ್ಟುಕೊಂಡೆ.

ಆ ಕಡೆ ಹಾಳೆ ಸರಿಸುವ ಸದ್ದು. "ಸ್ಟಾರ್ಟು ಮಾಡಿದೀಯಾ? ಮೊದಲು ಹಿಂದೆ ನೋಡು. ಕನ್ನಡಿಯಲ್ಲಲ್ಲ, ಕತ್ತು ಪೂರ್ತಿ ತಿರುಗಿಸು."

"ತಿರುಗಿಸಿದೆ."

"ಏನು ಕಾಣುತ್ತೆ?"

"ಹೇಮು. ಮಗು. ಹಿಂದೆ ಬೀಗಿತ್ತಿ."

"ಹೂಂ. ಈಗ ಗೇರು ಹಾಕು. ಕ್ಲಚ್ಚು ಅರ್ಧ ಬಿಡು, ಎಕ್ಸಿಲೇಟರು ಮುಟ್ಟಬೇಡ. ಕಾರಿನ ಹಿಂಭಾಗ ಯಾವ ಕಡೆಗೆ ಹೋಗಬೇಕೋ ಸ್ಟೀರಿಂಗೂ ಆ ಕಡೆಗೇ. ಚಂದ್ರಮತಿ ಹೇಳಿದ ಹಾಗೆ ಉಲ್ಟಾ ಅಲ್ಲ, ತಿಳೀತಾ? ಸೂಜಿಗೆ ದಾರ ಪೋಣಿಸೋ ಹಾಗೆ, ಇಷ್ಟಿಷ್ಟೇ."

ಕಾರು ಹಿಂದಕ್ಕೆ ಸರಿಯಿತು. ನಿಂತಿತು. ಮತ್ತೆ ಸರಿಯಿತು. ಪಾರ್ವತಮ್ಮ ಹಿಂದು ಹಿಂದಕ್ಕೆ ನಡೆಯುತ್ತಾ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬನ್ನಿ ಬನ್ನಿ ಅಂತ ಎರಡು ಕೈಯಲ್ಲೂ ಕರೆಯುತ್ತಿದ್ದರು. ನೂರು ಮೀಟರಿಗೆ ನನ್ನ ಕತ್ತು ಹಿಡಿಯಿತು. ಇನ್ನೂರಕ್ಕೆ, "ಸಾಕಾಯ್ತು ರೀ" ಅಂದೆ. "ನಿಲ್ಲಿಸ್ಕೋ. ಉಸಿರು ಬಿಡು. ಹತ್ತು ಎಣಿಸು. ಇಲ್ಲಿ ಯಾರೂ ಮೊದಲಿಂದ ಶುರು ಮಾಡಿಸಲ್ಲ" ಅಂದರು. ಎಣಿಸಿ ಮತ್ತೆ ಹೊರಟೆ. ಎರಡು ಸಲ ಚಕ್ರ ಮೋರಿಯ ಅಂಚಿಗೆ ಬಂತು, ಎರಡು ಸಲವೂ ಬೀಗಿತ್ತಿ ಕಿರುಚಿಕೊಂಡರು, ಎರಡು ಸಲವೂ ನಮ್ಮನೆಯವರು ಅಲ್ಲಿಂದಲೇ "ಬ್ರೇಕು, ಬ್ರೇಕು, ಗಾಬರಿ ಆಗ್ಬೇಡ" ಅಂದರು. ಓಣಿಯ ಬಾಯಿಗೆ ಬರಲು ಮುಕ್ಕಾಲು ಗಂಟೆ ಹಿಡಿಯಿತು. ರವಿಕೆ ಬೆವರಿನಿಂದ ತೊಯ್ದು ಹೋಗಿತ್ತು.

"ದೊಡ್ಡ ರಸ್ತೆ ಬಂತು" ಅಂದೆ.

"ಈಗ ಹದಿಮೂರನೇ ಪಾಠ. ಹಿಂಭಾಗನ ಮೇಗಲ ಕಡೆಗೆ ತಿರುಗಿಸು. ಪೂರ್ತಿ ತಿರುಗಿಸಿ ಹಿಡ್ಕೋ. ಇನ್ನೂ ಬರಲಿ. ಇನ್ನೂ. ಸಾಕು, ನೆಟ್ಟಗೆ ಮಾಡು. ನಿಲ್ಲಿಸು."

ನಿಲ್ಲಿಸಿದೆ. ಹಿಂದೆ ಮಗು ನಿದ್ದೆ ಹೋಗಿತ್ತು. ಎದುರಿಗೆ ಗೋಡೆ ಇರಲಿಲ್ಲ, ಕಣ್ಣು ಹಾಯುವಷ್ಟು ದೂರ ರಸ್ತೆ.

"ಈಗ ಮುಖ ಯಾವ ಕಡೆಗಿದೆ?" ಅಂದರು.

"ನಿಮ್ಮ ಕಡೆಗೆ" ಅಂದೆ.

ಆ ಕಡೆ ಹಾಳೆ ಮಡಿಸುವ ಸದ್ದು. "ಹಾಗಾದ್ರೆ ನನ್ನ ಪಾಠ ಮುಗೀತು" ಅಂದರು. "ಇನ್ನು ಮುಂದಕ್ಕೆ ಬರೋದು. ಅದು ನಿನಗೆ ಬರುತ್ತೆ. ಬಾ."